ಮನೆಯಲ್ಲೊಂದು ಅರವಟ್ಟಿಗೆ: ಪುಣೆಯಲ್ಲಿ ಕುಳಿತು ಟಾರ್ ರಿಲೇ ನಡೆಸುವುದು ಹೇಗೆ

ನಮ್ಮ ವಾರಜೆಯ ರಸ್ತೆ ತಿರುವಿನಲ್ಲಿ ಮಾರ್ಚ್ ಬಂತೆಂದರೆ ಯಾರೋ ಎರಡು ಮಣ್ಣಿನ ಮಡಕೆ ತಂದಿಡುತ್ತಾರೆ. ಇಲ್ಲಿಯವರು ಅದಕ್ಕೆ ಪಾಣಪೋಯಿ ಅನ್ನುತ್ತಾರೆ, ನಾವು ಅರವಟ್ಟಿಗೆ ಅನ್ನುತ್ತೇವೆ. ನೀರು ಕುಡಿಯುವವರ ಹೆಸರನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಮಡಕೆ ಇಡುವುದು ಅರ್ಧ ಗಂಟೆಯ ಕೆಲಸ, ಆದರೆ ದಿನಾ ಬೆಳಿಗ್ಗೆ ಅದನ್ನು ತೊಳೆದು ತುಂಬುವವರು ಒಬ್ಬರು ಇರದಿದ್ದರೆ ಏಪ್ರಿಲ್ ಹೊತ್ತಿಗೆ ಒಣ ಮಡಕೆ ಉಳಿಯುತ್ತದೆ. ಟಾರ್ ರಿಲೇ ಕೂಡ ಹೀಗೇ. ಹಾಕುವುದಕ್ಕೆ ಒಂದು ಸಂಜೆ ಸಾಕು. ಅದನ್ನು ವರ್ಷಗಟ್ಟಲೆ ನಡೆಸುವುದು ಹೇಗೆ ಎಂಬುದರ ಬಗ್ಗೆಯೇ ನನಗೆ ಜಾಸ್ತಿ ಹೇಳಬೇಕಿದೆ.

ಟಾರ್ ಗೊತ್ತಿಲ್ಲದವರಿಗೆ ಎರಡು ಮಾತು. ಟಾರ್ ಬ್ರೌಸರ್‌ನಲ್ಲಿ ಒಂದು ಪುಟ ತೆರೆದರೆ ನಿಮ್ಮ ಕೋರಿಕೆ ನೇರವಾಗಿ ಆ ಪುಟಕ್ಕೆ ಹೋಗುವುದಿಲ್ಲ, ಬೇರೆ ಬೇರೆಯವರು ನಡೆಸುವ ಮೂರು ಸರ್ವರ್‌ಗಳನ್ನು ದಾಟಿ ಹೋಗುತ್ತದೆ. ಇಂಥ ಒಂದೊಂದು ಸರ್ವರ್‌ಗೂ ರಿಲೇ ಎಂದು ಹೆಸರು. ಮೊದಲನೆಯದಕ್ಕೆ ನೀವು ಯಾರೆಂದು ಗೊತ್ತು, ಎಲ್ಲಿಗೆ ಹೊರಟಿದ್ದೀರೆಂದು ಗೊತ್ತಿಲ್ಲ. ಕೊನೆಯದಕ್ಕೆ ಎಲ್ಲಿಗೆಂದು ಗೊತ್ತು, ಯಾರೆಂದು ಗೊತ್ತಿಲ್ಲ. ನಡುವಿನದಕ್ಕೆ ಎರಡೂ ಗೊತ್ತಿಲ್ಲ. ಗುಪ್ತಲಿಪಿಯ ಪದರಗಳನ್ನು ಒಂದೊಂದು ಸರ್ವರ್ ಒಂದೊಂದಾಗಿ ಸುಲಿಯುತ್ತದೆ, ಅದಕ್ಕೇ ಈರುಳ್ಳಿಯ ಗುರುತು. ನಮ್ಮ ಹುಬ್ಬಳ್ಳಿ ಕಡೆ ಉಳ್ಳಾಗಡ್ಡಿ.

ಈ ವಿಚಾರ ಹುಟ್ಟಿದ್ದು 1990ರ ದಶಕದಲ್ಲಿ, ಅಮೆರಿಕದ ನೌಕಾಪಡೆಯ ಸಂಶೋಧನಾ ಪ್ರಯೋಗಾಲಯದಲ್ಲಿ. ನೌಕಾಪಡೆಯವರಷ್ಟೇ ಬಳಸಿದರೆ ಬರುವವರೆಲ್ಲ ನೌಕಾಪಡೆಯವರೇ ಎಂದು ಯಾರಿಗಾದರೂ ತಿಳಿಯುತ್ತದೆ, ಅಲ್ವಾ? ಎಲ್ಲ ಬಗೆಯ ಜನ ಸೇರಿದರೆ ಮಾತ್ರ ಒಬ್ಬರನ್ನು ಹುಡುಕುವುದು ಕಷ್ಟ. ಹಾಗಾಗಿ 2002ರಲ್ಲಿ ಜಾಲ ಶುರುವಾದಾಗ ಅದರ ಕೋಡ್ ಎಲ್ಲರಿಗೂ ತೆರೆದಿತ್ತು. 2006ರಿಂದ ಟಾರ್ ಪ್ರಾಜೆಕ್ಟ್ ಎಂಬ ಲಾಭರಹಿತ ಸಂಸ್ಥೆ ಅದನ್ನು ನೋಡಿಕೊಳ್ಳುತ್ತಿದೆ. ಸರ್ವರ್‌ಗಳು ಮಾತ್ರ ಆ ಸಂಸ್ಥೆಯವಲ್ಲ. ನಮ್ಮ ನಿಮ್ಮಂಥವರು ಕೈಯಿಂದ ದುಡ್ಡು ಹಾಕಿ ನಡೆಸುವಂಥವು.

ಇದು ನಮಗ್ಯಾಕೆ ಎಂದು ಕೇಳುವವರಿಗೆ ನಾನು ಎರಡು ಸಂಗತಿ ನೆನಪಿಸುತ್ತೇನೆ. 2012ರಲ್ಲಿ ಮುಂಬೈ ಪಕ್ಕದ ಪಾಲ್ಘರ್‌ನಲ್ಲಿ ಒಂದು ಫೇಸ್‌ಬುಕ್ ಮಾತಿಗಾಗಿ ಇಬ್ಬರು ಹುಡುಗಿಯರನ್ನು ಪೊಲೀಸರು ಬಂಧಿಸಿದರು. ಒಬ್ಬಳು ಬರೆದಿದ್ದಳು, ಇನ್ನೊಬ್ಬಳು ಲೈಕ್ ಒತ್ತಿದ್ದಳು. ಆಗ ಬಳಸಿದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದು ಮಾಡಿತು. ಇನ್ನೊಂದು, 2017ರ ಆಗಸ್ಟ್ 24ರ ತೀರ್ಪು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ನಮ್ಮವರೇ ಗೆದ್ದುಕೊಟ್ಟ ಹಕ್ಕು ಇದು. ಕಾಗದದ ಮೇಲಿರುವ ಹಕ್ಕಿಗೆ ತಂತಿಯ ಮೇಲೂ ಒಂದು ದಾರಿ ಬೇಕು ಅನ್ನುವುದು ನನ್ನ ಮಾತು.

ಯಾವುದನ್ನು ನಡೆಸಬೇಕು

ಇದನ್ನು ಮೊದಲೇ ಸರಿಯಾಗಿ ಆರಿಸಿಕೊಳ್ಳಿ. ಇಲ್ಲಿ ತಪ್ಪಿದವರೇ ಆಮೇಲೆ ಬೇಸರಪಟ್ಟು ಬಿಡುವುದು.

ಎಕ್ಸಿಟ್ ರಿಲೇ ಎಂದರೆ ಮೂರರಲ್ಲಿ ಕೊನೆಯದು. ಹೊರಗಿನ ಜಗತ್ತಿಗೆ ಕಾಣುವುದು ಅದರ ಐಪಿ ವಿಳಾಸ. ಯಾರೋ ಅದರ ಮೂಲಕ ಕೆಟ್ಟ ಕೆಲಸ ಮಾಡಿದರೆ ದೂರು ಬರುವುದು ಆ ವಿಳಾಸ ಯಾರ ಹೆಸರಲ್ಲಿದೆಯೋ ಅವರಿಗೆ. ಮನೆಯ ಲೈನ್‌ನಲ್ಲಿ ಎಕ್ಸಿಟ್ ನಡೆಸಬೇಡಿ. ಬಾಡಿಗೆ ಮನೆಯಾಗಿದ್ದರೆ, ಸೊಸೈಟಿಯ ಹಂಚಿಕೊಂಡ ಲೈನ್ ಆಗಿದ್ದರೆ ಯೋಚನೆಯೂ ಬೇಡ. ವಕೀಲರ ಬೆಂಬಲ ಇರುವ ಸಂಸ್ಥೆಗಳು ಮಾಡಲಿ ಅದನ್ನು.

ಮಿಡ್ಲ್ ರಿಲೇ ಎಂದರೆ ನಡುವಿನದು, ಅದೇ ಮುಂದೆ ಬೆಳೆದು ಗಾರ್ಡ್, ಅಂದರೆ ಮೂರರಲ್ಲಿ ಮೊದಲನೆಯದು, ಆಗುವಂಥದ್ದು. ಅದು ಟಾರ್ ಒಳಗಿನ ಗುಪ್ತಲಿಪಿಯ ಮಾತನ್ನಷ್ಟೇ ಅತ್ತಿಂದಿತ್ತ ದಾಟಿಸುತ್ತದೆ. ದೂರು ಬರುವುದು ಬಹಳ ಅಪರೂಪ. ಆದರೆ ಇಂಥ ಎಲ್ಲ ರಿಲೇಗಳ ವಿಳಾಸದ ಪಟ್ಟಿ ಬಹಿರಂಗ. ಕೆಲವು ವೆಬ್‌ಸೈಟ್‌ಗಳು ಎಕ್ಸಿಟ್ ಯಾವುದು, ಮಿಡ್ಲ್ ಯಾವುದು ಎಂದು ನೋಡದೆ ಇಡೀ ಪಟ್ಟಿಯನ್ನೇ ತಡೆದುಬಿಡುತ್ತವೆ. ನಾನು ಮೊದಲು ಮನೆಯ ಲೈನ್‌ನಲ್ಲೇ ಮಿಡ್ಲ್ ರಿಲೇ ಹಾಕಿದ್ದೆ. ಎರಡು ವಾರಕ್ಕೆ ಅಪ್ಪನ ಪೆನ್ಷನ್ ಬರುವ ಬ್ಯಾಂಕಿನ ಪುಟ ಮನೆಯ ವೈಫೈನಲ್ಲಿ ತೆರೆಯುವುದು ನಿಂತಿತು. ಮೊಬೈಲ್ ಡೇಟಾದಲ್ಲಿ ತೆರೆಯುತ್ತಿತ್ತು. ಕಾರಣ ಹೊಳೆಯುವಷ್ಟರಲ್ಲಿ ಅವರು ಎರಡು ಸಲ ಬ್ಯಾಂಕಿಗೆ ನಡೆದು ಹೋಗಿ ಬಂದಿದ್ದರು. ಆ ರಿಲೇಯನ್ನು ಅಂದೇ ತೆಗೆದೆ. ಮನೆಯವರ ಕೆಲಸ ಕೆಡಿಸಿ ಮಾಡುವ ಸೇವೆ ಜಾಸ್ತಿ ದಿನ ನಡೆಯುವುದಿಲ್ಲ. ಮಿಡ್ಲ್ ರಿಲೇ ಬಾಡಿಗೆ ಸರ್ವರ್‌ನಲ್ಲಿರಲಿ.

ಮನೆಗೆ ಸರಿಹೊಂದುವುದು ಬ್ರಿಡ್ಜ್ ಅಥವಾ ಸ್ನೋಫ್ಲೇಕ್. ಬ್ರಿಡ್ಜ್ ಎಂದರೆ ಬಹಿರಂಗ ಪಟ್ಟಿಯಲ್ಲಿಲ್ಲದ ಮೊದಲ ಸರ್ವರ್. ಟಾರ್ ಅನ್ನೇ ತಡೆಯುವ ದೇಶಗಳಲ್ಲಿ ಇರುವವರಿಗೆ ಅದರ ವಿಳಾಸವನ್ನು ಸ್ವಲ್ಪ ಸ್ವಲ್ಪವಾಗಿ ಹಂಚುತ್ತಾರೆ. ಅದರ ಜೊತೆಗೆ ಓಬಿಎಫ್‌ಎಸ್4 ಎಂಬ ಪದರ ಹಾಕಿದರೆ, ನೋಡುವವರಿಗೆ ಅದು ಟಾರ್ ಎಂದು ಸುಲಭವಾಗಿ ಗೊತ್ತಾಗುವುದಿಲ್ಲ. ಸ್ನೋಫ್ಲೇಕ್ ಇನ್ನೂ ಹಗುರ. ಕ್ರೋಮ್ ಅಥವಾ ಫೈರ್‌ಫಾಕ್ಸ್‌ಗೆ ಒಂದು ಎಕ್ಸ್‌ಟೆನ್ಶನ್ ಹಾಕಿದರೆ ಮುಗಿಯಿತು. ಬ್ರೌಸರ್ ತೆರೆದಿರುವಷ್ಟು ಹೊತ್ತು ಅದು ಯಾರನ್ನೋ ದಾಟಿಸುತ್ತಿರುತ್ತದೆ. ನಿಮ್ಮ ವಿಳಾಸದಿಂದ ಹೊರಗಿನ ಯಾವ ಪುಟಕ್ಕೂ ಯಾರೂ ಹೋಗುವುದಿಲ್ಲ, ಮುಂದಿನ ಸರ್ವರ್‌ವರೆಗೆ ಮಾತ್ರ. 2021ರ ಡಿಸೆಂಬರ್‌ನಲ್ಲಿ ರಷ್ಯಾ ಟಾರ್ ವೆಬ್‌ಸೈಟನ್ನು ತಡೆದಾಗ, 2022ರ ಶರತ್ಕಾಲದಲ್ಲಿ ಇರಾನಿನ ಹೆಂಗಸರು ಬೀದಿಗಿಳಿದಾಗ, ಅಲ್ಲಿನ ಜನ ಹೊರಬಂದ ದಾರಿಗಳಲ್ಲಿ ಇವೂ ಇದ್ದವು. ಆ ಇರಾನಿನ ದಿನಗಳಲ್ಲಿ ನನ್ನ ಹಳೆಯ ಲ್ಯಾಪ್‌ಟಾಪಿನ ಸ್ನೋಫ್ಲೇಕ್ ಗುರುತು ರಾತ್ರಿಯೆಲ್ಲ ಹಸಿರಾಗಿರುತ್ತಿತ್ತು. ಎದ್ದು ನೀರು ಕುಡಿಯಲು ಹೋದಾಗ ಸುಮ್ನೆ ಅದನ್ನು ನೋಡುತ್ತ ನಿಂತಿದ್ದೇನೆ.

ಮನೆಯ ಲೈನನ್ನು ಪರೀಕ್ಷಿಸಿ

ಬ್ರಿಡ್ಜ್ ಹಾಕುವುದಾದರೆ ಹೊರಗಿನಿಂದ ನಿಮ್ಮ ಯಂತ್ರಕ್ಕೆ ಯಾರಾದರೂ ಬಂದು ಮುಟ್ಟುವಂತಿರಬೇಕು. ನಮ್ಮ ಊರುಗಳ ಬ್ರಾಡ್‌ಬ್ಯಾಂಡ್‌ನವರು ಎಷ್ಟೋ ಸಲ ನೂರಾರು ಮನೆಗಳಿಗೆ ಸೇರಿಸಿ ಒಂದೇ ಹೊರವಿಳಾಸ ಕೊಟ್ಟಿರುತ್ತಾರೆ. ಸಿಜಿನ್ಯಾಟ್ ಎನ್ನುವುದು ಇದಕ್ಕೇ. ಪತ್ತೆ ಮಾಡುವುದು ಸುಲಭ. ರೌಟರಿನ ಪುಟದಲ್ಲಿ ವ್ಯಾನ್ ಐಪಿ ನೋಡಿ, ಆಮೇಲೆ ಬ್ರೌಸರ್‌ನಲ್ಲಿ ನನ್ನ ಐಪಿ ಯಾವುದು ಎಂದು ಹುಡುಕಿ. ಎರಡೂ ಬೇರೆ ಬಂದರೆ, ಅದರಲ್ಲೂ ರೌಟರಿನದು 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ, ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಆಗ ತಿಂಗಳಿಗೆ ಸ್ವಲ್ಪ ಜಾಸ್ತಿ ಕೊಟ್ಟು ಸ್ಟ್ಯಾಟಿಕ್ ಐಪಿ, ಅಂದರೆ ನಿಮಗೊಬ್ಬರಿಗೇ ಸೇರಿದ ಬದಲಾಗದ ವಿಳಾಸ, ತಗೊಳ್ಳಬೇಕು, ಇಲ್ಲವೇ ಸ್ನೋಫ್ಲೇಕ್‌ಗೇ ನಿಲ್ಲಬೇಕು. ಸ್ನೋಫ್ಲೇಕ್ ಈ ಗೋಡೆಯ ಹಿಂದೆ ಇದ್ದರೂ ಕೆಲಸ ಮಾಡುತ್ತದೆ. ಡೊಂಬಿವಲಿಯಲ್ಲಿರುವ ನನ್ನ ಗದಗಿನ ಗೆಳೆಯ ಮನೆಯ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಅದನ್ನೇ ಇಡೀ ದಿನ ಓಡಿಸುತ್ತಾನೆ. ಪೈ 5 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಂಡರೆ ತಿಂಗಳಿಗೆ 3.6 ಯೂನಿಟ್ ಕರೆಂಟು, ಅಷ್ಟೇ.

ಡೇಟಾ ಲೆಕ್ಕವನ್ನೂ ಮೊದಲೇ ಮಾಡಿ. ಅನ್‌ಲಿಮಿಟೆಡ್ ಎಂದು ಮಾರುವ ಎಷ್ಟೋ ಮನೆ ಪ್ಲಾನ್‌ಗಳಿಗೆ ತಿಂಗಳಿಗೆ 3,300 ಜಿಬಿಯ ಮಿತಿ ಇರುತ್ತದೆ. ಬಂದದ್ದೆಲ್ಲ ಹೊರಗೂ ಹೋಗಬೇಕಾದ್ದರಿಂದ ಎಲ್ಲವೂ ಎರಡು ಪಟ್ಟು. ಬರೀ 2 ಎಂಬಿಪಿಎಸ್ ವೇಗದಲ್ಲಿ ಬಿಡುವಿಲ್ಲದೆ ಓಡಿದರೂ ತಿಂಗಳಿಗೆ ಒಳಕ್ಕೆ ಸುಮಾರು 650 ಜಿಬಿ, ಹೊರಕ್ಕೆ ಅಷ್ಟೇ, ಒಟ್ಟು ಸುಮಾರು 1,300 ಜಿಬಿ ಆಗುತ್ತದೆ. ಬ್ರಿಡ್ಜ್‌ಗೆ 1 ಎಂಬಿಪಿಎಸ್ ಇದ್ದರೂ ಸಾಕು.

ಬಾಡಿಗೆ ಸರ್ವರ್ ಆದರೆ

ಮಿಡ್ಲ್ ರಿಲೇಗೆ ಎರಡೂ ಕಡೆ ಕನಿಷ್ಠ 10 ಎಂಬಿಪಿಎಸ್ ಬೇಕು, 16 ಇದ್ದರೆ ಒಳ್ಳೆಯದು. 40 ಎಂಬಿಪಿಎಸ್ ಒಳಗಿದ್ದರೆ 512 ಎಂಬಿ ಮೆಮೊರಿ ಸಾಕು, ಮೇಲಾದರೆ 1 ಜಿಬಿ. ಡಿಸ್ಕ್ ಲೆಕ್ಕಕ್ಕೇ ಇಲ್ಲ. ದುಬಾರಿಯಾಗುವುದು ಟ್ರಾಫಿಕ್. ತಿಂಗಳಿಗೆ 1 ಟಿಬಿ ಹೊರಹೋಗುವ ಟ್ರಾಫಿಕ್ ಎಂದರೆ ಸರಾಸರಿ 3 ಎಂಬಿಪಿಎಸ್ ಮಾತ್ರ. ಜಿಬಿ ಲೆಕ್ಕದಲ್ಲಿ ಬಿಲ್ ಹಾಕುವ ದೊಡ್ಡ ಕ್ಲೌಡ್‌ಗಳಲ್ಲಿ ರಿಲೇ ಹಾಕಬೇಡಿ. ಟ್ರಾಫಿಕ್‌ಗೆ ಮಿತಿಯಿಲ್ಲದ ಅಥವಾ ಮಿತಿ ಮುಟ್ಟಿದರೆ ವೇಗ ಇಳಿಸುವ ಪ್ಲಾನ್ ಹುಡುಕಿ.

ಜಾಲದ ಬಹುಪಾಲು ಜರ್ಮನಿ, ಅಮೆರಿಕ, ನೆದರ್‌ಲ್ಯಾಂಡ್ಸ್‌ನಲ್ಲಿ, ಅದೂ ಕೆಲವೇ ಕಂಪನಿಗಳ ಸರ್ವರ್‌ಗಳಲ್ಲಿ ಗುಂಪುಗೂಡಿದೆ. ಅದೇ ಗುಂಪಿಗೆ ಇನ್ನೊಂದು ಸೇರಿಸುವುದಕ್ಕಿಂತ ಮುಂಬೈನಲ್ಲಿ ಒಂದು ಹಾಕುವುದಕ್ಕೆ ಬೆಲೆ ಜಾಸ್ತಿ ಎಂದು ನಾನು ಅಂದುಕೊಂಡಿದ್ದೇನೆ. ಸಮುದ್ರದಡಿಯ ಕೇಬಲ್‌ಗಳು ವರ್ಸೋವಾ ಕಡೆ ದಡ ಹತ್ತುವುದರಿಂದ ಮುಂಬೈನಲ್ಲಿ ಡೇಟಾ ಸೆಂಟರ್‌ಗಳಿಗೆ ಕೊರತೆಯಿಲ್ಲ. ತಗೊಳ್ಳುವ ಮೊದಲು ಒಂದು ಇಮೇಲ್ ಬರೆದು ಕೇಳಿ. ಎಕ್ಸಿಟ್ ಅಲ್ಲದ ಟಾರ್ ರಿಲೇ ನಡೆಸುತ್ತೇನೆ, ಅಭ್ಯಂತರ ಇದೆಯೇ ಎಂದು ನೇರವಾಗಿ ಕೇಳಿ. ಉತ್ತರವನ್ನು ಜೋಪಾನವಾಗಿಡಿ. ನನಗೆ ಮೂರನೆಯವರು ಒಪ್ಪಿದರು.

ಅವರು ಗುರುತಿನ ಕಾಗದ ಕೇಳುತ್ತಾರೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್‌ನ ನಿರ್ದೇಶನದ ಪ್ರಕಾರ ಸರ್ವರ್ ಬಾಡಿಗೆ ಕೊಡುವವರು ಗ್ರಾಹಕರ ವಿವರವನ್ನು ಐದು ವರ್ಷ ಇಟ್ಟುಕೊಳ್ಳಬೇಕು. ಕೊಡಿ, ಹೆದರಬೇಡಿ. ಟಾರ್ ಅನ್ನು ಹೆಸರಿಸಿ ನಿಷೇಧಿಸಿದ ಕಾನೂನು ನಮ್ಮಲ್ಲಿಲ್ಲ. ಅರವಟ್ಟಿಗೆ ಇಟ್ಟವರು ಯಾರೆಂದು ಊರಿಗೆಲ್ಲ ಗೊತ್ತಿರಲಿ, ನೀರು ಕುಡಿದವರ ಹೆಸರು ಮಾತ್ರ ಎಲ್ಲೂ ಬರೆದಿರಬಾರದು.

ಹಾಕುವ ಬಗೆ

ಸರ್ವರ್‌ಗೆ ಡೆಬಿಯನ್ ಲಿನಕ್ಸ್ ತಗೊಳ್ಳಿ. ಅದರ ಜೊತೆ ಬರುವ ಟಾರ್ ಪ್ಯಾಕೇಜ್ ಹಳತಾಗಿರಬಹುದು, ಹಾಗಾಗಿ ಟಾರ್ ಪ್ರಾಜೆಕ್ಟ್‌ನವರದೇ ರೆಪೊಸಿಟರಿ ಸೇರಿಸಿ ಅಲ್ಲಿಂದ ಹಾಕಿ. ಅದಕ್ಕೂ ಮೊದಲು ಪಾಸ್‌ವರ್ಡ್ ಲಾಗಿನ್ ಮುಚ್ಚಿ ಎಸ್‌ಎಸ್‌ಎಚ್ ಕೀ ಇಡಿ, ಫೈರ್‌ವಾಲ್‌ನಲ್ಲಿ ಬೇಕಾದ ಪೋರ್ಟ್ ಮಾತ್ರ ತೆರೆಯಿರಿ, ಅಟೆಂಡ್ ಮಾಡದೆಯೇ ಸೆಕ್ಯುರಿಟಿ ಅಪ್‌ಡೇಟ್ ಆಗುವಂತೆ ಹೊಂದಿಸಿ, ಗಡಿಯಾರ ತಾನೇ ಸರಿಯಾಗುವಂತೆ ನೋಡಿಕೊಳ್ಳಿ. ಗಡಿಯಾರ ತಪ್ಪಿದರೆ ಟಾರ್ ಜಗಳ ತೆಗೆಯುತ್ತದೆ.

ಆಮೇಲೆ ಟಾರ್‌ನ ಸೆಟ್ಟಿಂಗ್‌ಗಳಿರುವ ಟಾರ್‌ಆರ್‌ಸಿ ಎಂಬ ಫೈಲ್ ತೆರೆಯಿರಿ. ಇಲ್ಲಿ ಕನ್ನಡದಲ್ಲಿ ಹೇಳುವ ಹೆಸರುಗಳನ್ನು ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಬೇಕು. ನಿಕ್‌ನೇಮ್‌ನಲ್ಲಿ ಅಕ್ಷರ, ಅಂಕಿ ಸೇರಿ 19 ಮೀರಬಾರದು. ಕಾಂಟ್ಯಾಕ್ಟ್‌ಇನ್ಫೋದಲ್ಲಿ ಕೊಟ್ಟ ಇಮೇಲ್ ಇಡೀ ಜಗತ್ತಿಗೆ ಕಾಣುತ್ತದೆ, ಹಾಗಾಗಿ ಇದಕ್ಕೆಂದೇ ಬೇರೆ ಇಮೇಲ್ ಮಾಡಿಕೊಳ್ಳಿ, ಆದರೆ ಅದನ್ನು ಓದುತ್ತಿರಿ. ಓಆರ್‌ಪೋರ್ಟ್ ಎಂದರೆ ಹೊರಗಿನವರು ನಿಮ್ಮ ರಿಲೇಗೆ ಬಂದು ಸೇರುವ ಬಾಗಿಲು, ಅದಕ್ಕೆ 9001 ಅಥವಾ 443. ನಾನು 443 ಇಟ್ಟಿದ್ದೇನೆ, ಬಿಗಿಯಾದ ಫೈರ್‌ವಾಲ್ ಹಿಂದೆ ಇರುವವರಿಗೂ ಅದು ಸಿಗುತ್ತದೆ. ಎಕ್ಸಿಟ್‌ರಿಲೇ 0 ಎಂಬ ಸಾಲನ್ನು ಮರೆಯದೆ ಬರೆಯಿರಿ. ಸಾಕ್ಸ್‌ಪೋರ್ಟ್ ಕೂಡ 0. ವೇಗದ ಮಿತಿ ಹಾಕುವ ರಿಲೇಬ್ಯಾಂಡ್‌ವಿಡ್ತ್‌ರೇಟ್‌ನಲ್ಲಿ ಎಷ್ಟೋ ಜನ ಎಡವುತ್ತಾರೆ. ಎಂಬೈಟ್ಸ್ ಎಂದು ಬರೆದರೆ ಬೈಟ್, ಎಂಬಿಟ್ಸ್ ಎಂದು ಬರೆದರೆ ಬಿಟ್, ಎಂಟು ಪಟ್ಟು ವ್ಯತ್ಯಾಸ. ತಿಂಗಳ ಮಿತಿಗೆ ಅಕೌಂಟಿಂಗ್‌ಮ್ಯಾಕ್ಸ್ ಎಂಬುದಿದೆ, ಆದರೆ ಮಿತಿ ಮುಟ್ಟಿದ ಕೂಡಲೇ ರಿಲೇ ತಿಂಗಳ ಕೊನೆಯವರೆಗೆ ಮಲಗಿಬಿಡುತ್ತದೆ. ಇಪ್ಪತ್ತು ದಿನ ಜೋರಾಗಿ ಓಡಿ ಹತ್ತು ದಿನ ಮಲಗುವುದಕ್ಕಿಂತ ಇಡೀ ತಿಂಗಳು ನಿಧಾನವಾಗಿ ನಡೆಯುವುದು ಮೇಲು. ರೇಟ್ ಇಳಿಸಿ.

ಎರಡು ರಿಲೇ ನಡೆಸುತ್ತಿದ್ದರೆ ಮೈಫ್ಯಾಮಿಲಿ ಸಾಲಿನಲ್ಲಿ ಒಂದರಲ್ಲಿ ಇನ್ನೊಂದರ, ಇನ್ನೊಂದರಲ್ಲಿ ಇದರ ಬೆರಳಚ್ಚು, ಅಂದರೆ ರಿಲೇಯನ್ನು ಗುರುತಿಸುವ ಉದ್ದದ ಸಂಕೇತ, ಹಾಕಬೇಕು. ಒಬ್ಬರದೇ ಎರಡು ಸರ್ವರ್ ಒಂದೇ ದಾರಿಯಲ್ಲಿ ಬರದಂತೆ ಟಾರ್ ಆಗ ನೋಡಿಕೊಳ್ಳುತ್ತದೆ. ಬ್ರಿಡ್ಜ್ ಅನ್ನು ಮಾತ್ರ ಇದರಲ್ಲಿ ಸೇರಿಸಬೇಡಿ, ರಿಲೇ ಇರುವ ಐಪಿಯಲ್ಲೂ ಇಡಬೇಡಿ. ಅಡಗಿರಬೇಕಾದ್ದು ಬಯಲಾಗುತ್ತದೆ. ಬ್ರಿಡ್ಜ್‌ಗೆ 9001 ಪೋರ್ಟ್ ಬೇಡ ಅನ್ನುವುದೂ ಇದೇ ಕಾರಣಕ್ಕೆ. ಅದು ಟಾರ್ ಎಂದು ತಡೆಯುವವರಿಗೆಲ್ಲ ಗೊತ್ತು.

ಎಲ್ಲ ಆದ ಮೇಲೆ ಟಾರ್ ಮತ್ತೆ ಶುರು ಮಾಡಿ ಲಾಗ್ ನೋಡಿ. ನಿಮ್ಮ ಓಆರ್‌ಪೋರ್ಟ್ ಹೊರಗಿನಿಂದ ಸಿಗುತ್ತಿದೆ ಎಂಬ ಸಾಲು ಬಂದರೆ ಕೆಲಸ ಆಯಿತು. ಕೆಲವು ಗಂಟೆ ಬಿಟ್ಟು ಟಾರ್ ಪ್ರಾಜೆಕ್ಟ್‌ನವರ ರಿಲೇ ಸರ್ಚ್ ಪುಟದಲ್ಲಿ ನಿಮ್ಮ ನಿಕ್‌ನೇಮ್ ಹುಡುಕಿ.

ಮೊದಲ ಎರಡು ತಿಂಗಳು

ಎಲ್ಲರೂ ಕೈಬಿಡುವುದು ಇಲ್ಲೇ. ಸರ್ವರ್ ಹಾಕಿ ವಾರ ಕಳೆದರೂ ಟ್ರಾಫಿಕ್ ಬರುವುದಿಲ್ಲ. ಏನೋ ತಪ್ಪಾಗಿದೆ ಎಂದುಕೊಂಡು ಮತ್ತೆ ಮತ್ತೆ ರೀಸ್ಟಾರ್ಟ್ ಮಾಡುತ್ತಾರೆ, ಅದರಿಂದ ಇನ್ನೂ ಹಿಂದೆ ಬೀಳುತ್ತಾರೆ. ತಪ್ಪೇನೂ ಆಗಿರುವುದಿಲ್ಲ. ಮೊದಲ ಮೂರು ದಿನ ಜಾಲ ನಿಮ್ಮನ್ನು ಇನ್ನೂ ಅಳೆದಿರುವುದಿಲ್ಲ. ಎಂಟನೆಯ ದಿನದವರೆಗೆ ಅಳೆಯುತ್ತ, ಸ್ವಲ್ಪ ಸ್ವಲ್ಪ ಭಾರ ಹೊರಿಸುತ್ತಾರೆ. ಆಮೇಲೆ ವೇಗ ಸೆಕೆಂಡಿಗೆ ಸುಮಾರು 2 ಎಂಬಿ ಇದ್ದು, ರಿಲೇ ಬೀಳದೆ ನಿಂತಿದ್ದರೆ ಗಾರ್ಡ್ ಪಟ್ಟ ಸಿಗುತ್ತದೆ. ಆಗ ಟ್ರಾಫಿಕ್ ಏರುವ ಬದಲು ಒಮ್ಮೆ ಕುಸಿಯುತ್ತದೆ, ಯಾಕೆಂದರೆ ಬಳಸುವವರು ಗಾರ್ಡ್ ಅನ್ನು ಪದೇಪದೇ ಬದಲಿಸುವುದಿಲ್ಲ, ನಡುವಿನ ಕೆಲಸಕ್ಕೂ ನಿಮ್ಮನ್ನು ಕರೆಯುವುದು ಕಡಿಮೆಯಾಗುತ್ತದೆ. 68ನೇ ದಿನದ ಹೊತ್ತಿಗೆ ಒಂದು ಮಟ್ಟಕ್ಕೆ ಬರುತ್ತದೆ. ಅಳೆಯುವ ಯಂತ್ರಗಳು ಹೆಚ್ಚಾಗಿ ಯುರೋಪ್, ಅಮೆರಿಕದಲ್ಲಿರುವುದರಿಂದ ಮುಂಬೈನ ಸರ್ವರ್‌ಗೆ ಅಂಕ ಸ್ವಲ್ಪ ಕಡಿಮೆಯೇ ಬೀಳುತ್ತದೆ. ಇರಲಿ.

ಬ್ರಿಡ್ಜ್ ಆದರೆ ತಿಂಗಳುಗಟ್ಟಲೆ ಯಾರೂ ಬರದೇ ಇರಬಹುದು. ಬಂದವರ ಲೆಕ್ಕವನ್ನೂ ಎಂಟರ ಗುಣಕಕ್ಕೆ ಏರಿಸಿಯೇ ತೋರಿಸುತ್ತದೆ. 8 ಎಂದಿದ್ದರೆ ಒಬ್ಬರೂ ಇರಬಹುದು, ಎಂಟು ಜನವೂ ಇರಬಹುದು.

ನೋಡಿಕೊಳ್ಳುವುದು

ಭಾನುವಾರ ಬೆಳಿಗ್ಗೆ ಚಹಾದ ಜೊತೆ ಹತ್ತು ನಿಮಿಷ ಕೊಡಿ. ಅಪ್‌ಡೇಟ್ ಬಂದಿದೆಯಾ, ಡಿಸ್ಕ್ ತುಂಬಿದೆಯಾ, ಟಾರ್ ಆರು ಗಂಟೆಗೊಮ್ಮೆ ಲಾಗ್‌ನಲ್ಲಿ ಬರೆಯುವ ಹಾರ್ಟ್‌ಬೀಟ್ ಸಾಲು ಸರಿಯಾಗಿ ಬರುತ್ತಿದೆಯಾ, ಅಷ್ಟೇ. ರಿಲೇ ಬಿದ್ದರೆ ಇಮೇಲ್ ಬರುವಂತೆ ಟಾರ್ ವೆದರ್‌ನಲ್ಲಿ ಹೆಸರು ಬರೆಸಿ. ಲೈವ್ ಆಗಿ ನೋಡಬೇಕೆಂದರೆ ನಿಕ್ಸ್ ಎಂಬ ಪ್ರೋಗ್ರಾಂ ಇದೆ, ಆದರೆ ಅದರ ಮುಂದೆ ಕೂತೇ ಇರಬೇಕಿಲ್ಲ.

ಮನೆಯ ಬ್ರಿಡ್ಜ್‌ಗೆ ಶತ್ರು ಕರೆಂಟು. ಪುಣೆಯಲ್ಲಿ ಗುರುವಾರ ಎಂದರೆ ರಿಪೇರಿಯ ದಿನ. ನಲ್ಲಿಯಲ್ಲಿ ನೀರಿರುವುದಿಲ್ಲ, ಎಷ್ಟೋ ಸಲ ಕರೆಂಟೂ ಇರುವುದಿಲ್ಲ. ರೌಟರಿಗೆಂದೇ ಬರುವ 12 ವೋಲ್ಟ್‌ನ ಪುಟ್ಟ ಯುಪಿಎಸ್ ತಂದಿಟ್ಟುಕೊಳ್ಳಿ. ಪೈ ಬಳಸುವವರು ಮೆಮೊರಿ ಕಾರ್ಡ್ ಒಳ್ಳೆಯದು ಹಾಕಿ, ಕರೆಂಟು ಥಟ್ಟನೆ ಹೋದಾಗ ಮೊದಲು ಕೆಡುವುದು ಅದು. ಮಳೆಗಾಲದಲ್ಲಿ ರಸ್ತೆ ಅಗೆದು ಫೈಬರ್ ಕತ್ತರಿಸಿದರೆ ಮಾಡುವಂಥದ್ದು ಏನೂ ಇಲ್ಲ, ಬಂದಾಗ ಬರಲಿ.

ಒಂದು ವಿಷಯದಲ್ಲಿ ಮಾತ್ರ ನಾನು ಹಟಮಾರಿ. ದಾಟುವ ಟ್ರಾಫಿಕ್ಕನ್ನು ನೋಡಲು ಹೋಗಬೇಡಿ. ಲಾಗ್ ಮಟ್ಟವನ್ನು ನೋಟಿಸ್‌ಗಿಂತ ಹೆಚ್ಚಿಸಬೇಡಿ, ಯಾವ ಐಪಿಯಿಂದ ಯಾರು ಬಂದರು ಎಂದು ದಾಖಲಿಸುವ ಉಪಕರಣ ಹಾಕಬೇಡಿ, ಕುತೂಹಲಕ್ಕೂ ಬೇಡ. ಮನೆಯ ಮೂಲೆಯಲ್ಲಿ ದೀಪ ಮಿನುಗುವ ಡಬ್ಬಿಯನ್ನು ನೋಡಿ ಅಪ್ಪ ಒಂದು ಸಂಜೆ ಕೇಳಿದರು.

"ತಮ್ಮಾ, ಯಾರ್‍ಯಾರೋ ನಮ್ಮ ಮನಿ ಲೈನ್ ಮ್ಯಾಲ ಹಾಯ್ದು ಹೋಗ್ತಾರಲ್ಲ, ಅವ್ರು ಏನ್ ಮಾತಾಡ್ತಾರಂತ ನಿನಗ ಗೊತ್ತಾಗ್ತದೇನು?"

"ಇಲ್ಲಪ್ಪಾ, ಗೊತ್ತಾಗೂದಿಲ್ಲ."

"ಹಂಗಾರ ಛಲೋ ಆತು," ಎಂದು ಅವರು ಪೇಪರ್ ಓದಲು ಕೂತರು.

ಮನೆಯವರಿಗೆ ಹೀಗೆ ಮೊದಲೇ ಹೇಳಿಡಿ, ಬಾಡಿಗೆ ಮನೆಯಲ್ಲಿ ಲೈನ್ ಮಾಲೀಕರ ಹೆಸರಲ್ಲಿದ್ದರೆ ಅವರಿಗೂ. ಎಂದಾದರೂ ಪತ್ರವೋ ಫೋನೋ ಬಂದರೆ ಮುಚ್ಚಿಡದೆ ವಿವರಿಸಿ. ಇಂಥ ದಿನ ಈ ಐಪಿ ಟಾರ್ ರಿಲೇ ಆಗಿತ್ತೇ ಎಂದು ಯಾರು ಬೇಕಾದರೂ ನೋಡಬಹುದಾದ ಎಕ್ಸಾನರೇಟರ್ ಎಂಬ ಪುಟ ಇದೆ, ಅದರ ಪ್ರಿಂಟ್ ತೋರಿಸಿ. ಬಹಿರಂಗ ರಿಲೇಗಳಿಗೆ ಇದು ದೊಡ್ಡ ಆಸರೆ.

ಕೊನೆಗೆ ಕೀಗಳು. ವಾರ್, ಲಿಬ್, ಟಾರ್ ಎಂಬ ಫೋಲ್ಡರ್‌ಗಳ ಒಳಗೆ ಕೀಸ್ ಎಂಬ ಫೋಲ್ಡರ್ ಇರುತ್ತದೆ. ರಿಲೇಯ ಗುರುತು, ಇಷ್ಟು ದಿನ ಗಳಿಸಿದ ನಂಬಿಕೆ ಎಲ್ಲ ಅದರಲ್ಲಿದೆ. ಹಾಕಿದ ದಿನವೇ ಅದನ್ನು ನಕಲು ಮಾಡಿ, ಪಾಸ್‌ವರ್ಡ್ ಹಾಕಿದ ಪೆನ್‌ಡ್ರೈವ್‌ನಲ್ಲಿಡಿ. ನನ್ನ ಮೊದಲ ಬಾಡಿಗೆ ಸರ್ವರ್‌ನ ಡಿಸ್ಕ್ ಒಂದು ರಾತ್ರಿ ಹೋಯಿತು. ಹದಿನಾಲ್ಕು ತಿಂಗಳ ರಿಲೇ. ನಕಲು ಇಟ್ಟಿರಲಿಲ್ಲ, ಮತ್ತೆ ಮೊದಲ ದಿನದಿಂದ ಶುರು ಮಾಡಬೇಕಾಯಿತು. ಹೋದ ವರ್ಷ ಕಂಪನಿ ಬದಲಾಯಿಸಿದಾಗ ಹಾಗಾಗಲಿಲ್ಲ. ಮೊದಲು ಹಳೆಯ ಸರ್ವರ್‌ನ ಟಾರ್ ನಿಲ್ಲಿಸಿದೆ, ಏಕೆಂದರೆ ಒಂದೇ ಕೀ ಎರಡು ಕಡೆ ಏಕಕಾಲಕ್ಕೆ ಓಡಬಾರದು. ಕೀಸ್ ಫೋಲ್ಡರ್ ಮತ್ತು ಟಾರ್‌ಆರ್‌ಸಿಯನ್ನು ಹೊಸದಕ್ಕೆ ಹಾಕಿದೆ, ಫೋಲ್ಡರಿನ ಮಾಲೀಕತ್ವ ಟಾರ್ ಬಳಕೆದಾರನ ಹೆಸರಿಗೆ ಬದಲಿಸಿದೆ, ಶುರು ಮಾಡಿದೆ. ಮರುದಿನ ಬೆಳಿಗ್ಗೆ ರಿಲೇ ಸರ್ಚ್‌ನಲ್ಲಿ ನೋಡಿದರೆ ಹೊಸ ಐಪಿ, ಅದೇ ಹಳೆಯ ಬೆರಳಚ್ಚು, ಮೊದಲು ಕಂಡದ್ದು ಎಂಬಲ್ಲಿ ಅದೇ ಹಳೆಯ ತಾರೀಖು.